ನಾಲ್ಕು ಲಕ್ಷ ಕೊಡುತ್ತಾರಂತೆ, ಮಕ್ಕಳನ್ನು ವೇದಿಕೆ ಹತ್ತಿಸಬೇಕಂತೆ. ಏನು ಮಾಡೋಣ?

ಹಾಸನದ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಯಿತು, ಬೇಜಾರು ಮಾಡಿಕೊಳ್ಳಬೇಡಿ.

ಹಾಸನ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಟ್ರಸ್ಟ್ ಇದೆ. ನಿವೃತ್ತ ಮೇಷ್ಟ್ರುಗಳು ಸೇರಿ ಶುರು ಮಾಡಿದ್ದು. ಪಿಯುಸಿ, ಡಿಪ್ಲೊಮಾ, ಡಿಗ್ರಿ ಓದುವ ಮಕ್ಕಳ ಫೀಸು ಕಟ್ಟುತ್ತೇವೆ. ವರ್ಷಕ್ಕೆ ನಲವತ್ತರ ಆಸುಪಾಸು ಮಕ್ಕಳು, ಐದಾರು ಲಕ್ಷ ಖರ್ಚು. ಆಫೀಸು ಅಂತ ಇಲ್ಲ, ಖಜಾಂಚಿಯವರ ಮನೆ ಜಗಲಿಯೇ ಆಫೀಸು. ನಾನು ಕಾರ್ಯದರ್ಶಿ. ಅಂದರೆ ಬ್ಯಾಂಕಿಗೆ ಓಡಾಡುವವನು, ಸಭೆ ಮುಗಿದ ಮೇಲೆ ಕುರ್ಚಿ ಎತ್ತಿಡುವವನು.

ಈ ವರ್ಷ ಹಣ ಕಡಿಮೆ ಬಿದ್ದಿದೆ. ದೊಡ್ಡ ಮೊತ್ತ ಕೊಡುತ್ತಿದ್ದ ಹಿರಿಯರೊಬ್ಬರು ತೀರಿಕೊಂಡರು. ಅರ್ಜಿಗಳು ಮಾತ್ರ ಜಾಸ್ತಿ ಬಂದಿವೆ. ಇಂಥ ಹೊತ್ತಿನಲ್ಲಿ ಲೇಔಟ್ ವ್ಯವಹಾರದವರೊಬ್ಬರು ತಾವಾಗಿಯೇ ಬಂದು ನಾಲ್ಕು ಲಕ್ಷ ಕೊಡುತ್ತೇನೆ ಅಂದರು. ಷರತ್ತು ಎರಡು. ಕಲ್ಯಾಣ ಮಂಟಪದಲ್ಲಿ ಕಾರ್ಯಕ್ರಮ ಆಗಬೇಕು, ಒಂದೊಂದು ಮಗುವೂ ಅಪ್ಪ ಅಮ್ಮನ ಜೊತೆ ವೇದಿಕೆಗೆ ಬಂದು ಅವರ ಕೈಯಿಂದ ಚೆಕ್ ತೆಗೆದುಕೊಳ್ಳಬೇಕು, ಫೋಟೋ ತೆಗೆಯಬೇಕು. ಆಮೇಲೆ ಮಕ್ಕಳ ಪಟ್ಟಿ ಫೋನ್ ನಂಬರ್ ಸಮೇತ ಕೊಡಬೇಕು. ತಾಲ್ಲೂಕು ಪಂಚಾಯಿತಿ ಚುನಾವಣೆ ಯಾವಾಗ ಬಂದರೂ ಅವರು ನಿಲ್ಲುತ್ತಾರೆ ಅಂತ ಊರಲ್ಲಿ ಮಾತಿದೆ.

ಕಮಿಟಿಯಲ್ಲಿ ಏಳು ಜನ. ಮೂವರು ಹೂಂ, ಮೂವರು ಊಹೂಂ. ಅಧ್ಯಕ್ಷರು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾರೆ. ನನಗೆ ತಲೆ ಕೆಟ್ಟಿದೆ.

ಕಡ್ಡಿ ಮುರಿದಂತೆ

ತೆಗೆದುಕೊಳ್ಳಿ ಸ್ವಾಮಿ. ಇದರಲ್ಲಿ ಯೋಚನೆ ಮಾಡುವಂಥದ್ದೇನಿದೆ? ನಮ್ಮೂರ ದೇವಸ್ಥಾನದಲ್ಲಿ ಟ್ಯೂಬ್‌ಲೈಟ್ ಮೇಲೆ ಕೂಡ ದಾನಿಯ ಹೆಸರಿದೆ, ಬೆಳಕಿಗಿಂತ ಹೆಸರೇ ಜಾಸ್ತಿ ಕಾಣುತ್ತದೆ. ಹಾಗಂತ ದೇವರು ಕತ್ತಲಲ್ಲಿ ಕೂತಿದ್ದಾನಾ? ಆ ಮನುಷ್ಯನಿಗೆ ಹೆಸರು ಬೇಕು, ಮಕ್ಕಳಿಗೆ ಫೀಸು ಬೇಕು. ಒಂದು ಗಂಟೆಯ ಕಾರ್ಯಕ್ರಮ. ನಿಮ್ಮ ಮಡಿವಂತಿಕೆಗೆ ಮಕ್ಕಳು ಓದು ಬಿಡಬೇಕಾ?

ಮಲೆನಾಡ ಮಳೆ

ಕಡ್ಡಿಯವರು ಹೇಳಿದ್ದರಲ್ಲಿ ಅರ್ಧ ಸರಿ. ಕೊಟ್ಟವರು ಹೆಸರು ಬಯಸುವುದು ಇವತ್ತಿನ ರೋಗ ಅಲ್ಲ. ನಮ್ಮ ದಾನ ಶಾಸನಗಳೆಲ್ಲ ಏನು ಮತ್ತೆ? ಯಾರು ಕೊಟ್ಟರು, ಎಷ್ಟು ಭೂಮಿ, ಎಲ್ಲೆ ಯಾವುದು, ಎಲ್ಲ ಕಲ್ಲಿನ ಮೇಲೆ. ಕೊನೆಯಲ್ಲಿ ಶಾಪ ಬೇರೆ. ಇದನ್ನು ಕಸಿದವನು 60 ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ ಅಂತ. ಇವತ್ತಿನ ಆಡಿಟರ್‌ಗಿಂತ ಕಡಕ್.

ನಮ್ಮ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಕೋಡಿಯ ಮಠ ಇತ್ತಲ್ಲ, ಅದರ 1162ರ ಶಾಸನವನ್ನು ಒಮ್ಮೆ ಓದಿ ನೋಡಿ. ಬಡವರು, ಕುಂಟರು, ಕುರುಡರು, ಕಿವುಡರು ಎಲ್ಲರಿಗೂ ಅಲ್ಲಿ ಅನ್ನ ಸಿಗುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧಿಯೂ ಸಿಗುತ್ತಿತ್ತು. ಅಲ್ಲಿ ಉಂಡವರು ಇಂಥವರು ಅಂತ ಬರೆದಿದೆ, ಇಂಥ ಹೆಸರಿನವರು ಅಂತ ಬರೆದಿಲ್ಲ. ಕೊಟ್ಟವರ ಹೆಸರು ಬರೆಯಲಿ ಸರ್, ಫ್ಲೆಕ್ಸಿನ ಬದಲು ಕಲ್ಲಿನಲ್ಲೇ ಕೆತ್ತಿಸಲಿ. ಉಣ್ಣುವವರನ್ನು ಯಾಕೆ ಪಕ್ಕಕ್ಕೆ ನಿಲ್ಲಿಸಬೇಕು ಅನ್ನುವುದೇ ನನ್ನ ಪ್ರಶ್ನೆ.

ಎರಡನೇ ಬೆಂಚು

ಇಲ್ಲಿ ಬರೆಯುವುದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಾನು ಹಾಗೆ ವೇದಿಕೆ ಹತ್ತಿದವಳು. ಯಾವ ಊರು, ಯಾವ ಸಂಸ್ಥೆ ಅಂತ ಹೇಳುವುದಿಲ್ಲ. ಫಸ್ಟ್ ಪಿಯುಸಿ. ಮೂರು ಸಾವಿರ ರೂಪಾಯಿ ಮತ್ತು ಒಂದು ಬ್ಯಾಗು. ಅಪ್ಪ ಗಾರೆ ಕೆಲಸದವರು, ಅವತ್ತು ಕೂಲಿ ಬಿಟ್ಟು ಬಂದಿದ್ದರು. ಬೆಳಿಗ್ಗೆ ಹತ್ತಕ್ಕೆ ಬನ್ನಿ ಅಂದಿದ್ದರು, ಮುಖ್ಯ ಅತಿಥಿ ಬಂದಿದ್ದು ಒಂದೂಮುಕ್ಕಾಲಿಗೆ. ಮೈಕಿನಲ್ಲಿ ನಮ್ಮ ಹೆಸರು, ಊರು, ಅಂಕ, "ತಂದೆ ಕೂಲಿ ಕಾರ್ಮಿಕರು" ಎಲ್ಲ ಹೇಳಿದರು. ಮೊದಲ ಸಲ ಫೋಟೋ ಸರಿ ಬರಲಿಲ್ಲ. ಬ್ಯಾಗು ವಾಪಸ್ ಇಸ್ಕೊಂಡು ಮತ್ತೆ ಕೊಟ್ಟರು. ಅಪ್ಪನಿಗೆ "ಸ್ವಲ್ಪ ನಗಿ" ಅಂದರು.

ಮಾರನೇ ದಿನ ಪೇಪರಿನಲ್ಲಿ ಬಂತು. ಕಾಲೇಜಿನಲ್ಲಿ ನನ್ನ ಬ್ಯಾಗು ಯಾವುದು ಅಂತ ಎಲ್ಲರಿಗೂ ಗೊತ್ತಾಯಿತು. ನಾನು ಆ ಬ್ಯಾಗು ತೆಗೆದುಕೊಂಡು ಹೋಗುವುದನ್ನೇ ಬಿಟ್ಟೆ. ಅಮ್ಮ ಅದರಲ್ಲಿ ರೇಷನ್ ಅಕ್ಕಿ ತರುತ್ತಿದ್ದರು.

ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಆ ಮೂರು ಸಾವಿರ ಇಲ್ಲದಿದ್ದರೆ ಪರೀಕ್ಷೆ ಫೀಸು ಕಟ್ಟಲು ಆಗುತ್ತಿರಲಿಲ್ಲ. ಆದರೆ ಆಮೇಲೆ ಮೂರು ವರ್ಷ ಆ ದಾನಿ ಎದುರಿಗೆ ಸಿಕ್ಕಾಗಲೆಲ್ಲ ಅಪ್ಪ ಸೈಕಲ್ ಇಳಿದು ನಿಲ್ಲುತ್ತಿದ್ದರು. ಯಾರೂ ಇಳಿ ಅಂತ ಹೇಳಿರಲಿಲ್ಲ.

ಕಡ್ಡಿ ಸರ್, ನೀವು ಒಂದು ಗಂಟೆ ಅಂದಿರಿ. ಅಷ್ಟಕ್ಕೇ ಮುಗಿಯುವುದಿಲ್ಲ.

ಹಾಸನದ ಕಾರ್ಯದರ್ಶಿ

ಅಮ್ಮಾ, ಏನು ಹೇಳಲಿ. ನಾವೂ ಮೊದಲ ಎರಡು ವರ್ಷ ಹಾಗೆಯೇ ಮಾಡಿದ್ದೇವೆ. ನಾನೇ ಮೈಕ್ ಹಿಡಿದು ಹೆಸರು ಓದಿದ್ದೇನೆ.

ಕಡ್ಡಿ ಮುರಿದಂತೆ

ಸರಿ ತಾಯಿ, ನಿಮ್ಮ ಮಾತು ಒಪ್ಪಿದೆ. ಆದರೆ ನಾಲ್ಕು ಲಕ್ಷಕ್ಕೆ ಬೇರೆ ದಾರಿ ಯಾರೂ ಹೇಳಿಲ್ಲ ನೋಡಿ. ಕಣ್ಣೀರಿನಿಂದ ಚಲನ್ ತುಂಬಲು ಆಗುವುದಿಲ್ಲ.

ಹಾಸ್ಟೆಲ್ ಅಕ್ಕ

ನಾನು ಧಾರವಾಡದ ಕಡೆ ಮಕ್ಕಳ ಮನೆಯೊಂದರಲ್ಲಿ ಒಂಬತ್ತು ವರ್ಷ ಇದ್ದೆ. ನಮ್ಮ ದೊಡ್ಡ ಸಮಸ್ಯೆ ಬರ್ತ್‌ಡೇ. ನಮ್ಮ ಮಕ್ಕಳದ್ದಲ್ಲ, ಬೇರೆಯವರ ಮಕ್ಕಳದ್ದು. ಮಗನ ಹುಟ್ಟಿದ ಹಬ್ಬಕ್ಕೆ ಕೇಕು, ಬಿರಿಯಾನಿ ತರುತ್ತಾರೆ. ನಮ್ಮ ಮಕ್ಕಳು ಸಾಲಾಗಿ ನಿಂತು ಹಾಡಬೇಕು, ಚಪ್ಪಾಳೆ ತಟ್ಟಬೇಕು, ಸೆಲ್ಫಿಗೆ ನಿಲ್ಲಬೇಕು. ಜೂನ್ ತಿಂಗಳಲ್ಲಿ ಶನಿವಾರ ಭಾನುವಾರ ಎರಡೆರಡು ಕೇಕು. ಮಂಗಳವಾರ ಸಾರಿಗೆ ಬೇಳೆ ಇರುತ್ತಿರಲಿಲ್ಲ. ಗ್ಯಾಸ್ ಸಿಲಿಂಡರಿಗೆ, ಹುಡುಗಿಯರ ಪ್ಯಾಡಿಗೆ, ಅಡುಗೆಯವಳ ಸಂಬಳಕ್ಕೆ ಯಾರಾದರೂ ಬರ್ತ್‌ಡೇ ಹೆಸರಲ್ಲಿ ಕೊಡುತ್ತಾರಾ ಅಂತ ಕೇಳಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು.

ಒಂದು ವಿಷಯ ಎಲ್ಲರಿಗೂ ಗೊತ್ತಿರಲಿ. ಮಕ್ಕಳ ಮನೆಯಲ್ಲಿರುವ, ಪೋಷಣೆ ರಕ್ಷಣೆ ಬೇಕಾದ ಮಕ್ಕಳ ಹೆಸರು, ಶಾಲೆ, ವಿಳಾಸ, ಫೋಟೋ ಯಾವುದನ್ನೂ ಗುರುತು ಸಿಗುವ ಹಾಗೆ ಪ್ರಕಟಿಸಬಾರದು. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್. ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ. ಸೆಲ್ಫಿ ಹಾಕುವ ಎಷ್ಟು ಜನರಿಗೆ ಇದು ಗೊತ್ತು? ಹಾಸನದ ಸರ್ ಮಕ್ಕಳು ಅಪ್ಪ ಅಮ್ಮನ ಜೊತೆ ಇರುವವರು, ಅವರಿಗೆ ಈ ಸೆಕ್ಷನ್ ನೇರವಾಗಿ ಬರುವುದಿಲ್ಲ. ಆದರೆ ಅದನ್ನು ಬರೆದವರು ಯಾಕೆ ಬರೆದರು ಅಂತ ಯೋಚಿಸಿ.

ಫೋನ್ ನಂಬರ್ ಪಟ್ಟಿ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಅದರಲ್ಲಿ ಹೆಣ್ಣುಮಕ್ಕಳ ನಂಬರೂ ಇರುತ್ತದೆ. ಇದರ ಬಗ್ಗೆ ಚರ್ಚೆಯೇ ಬೇಡ.

ಜೋಳದ ರೊಟ್ಟಿ

ನಾನು ಬಾಗಲಕೋಟೆ ಕಡೆಯವನು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಬಂದಾಗ ನಮ್ಮ ಮನೆಯೂ ಮುಳುಗಿತು. ದಾನ ತೆಗೆದುಕೊಳ್ಳುವ ಸಾಲಿನಲ್ಲಿ ನಿಂತಿದ್ದು ಅದೇ ಮೊದಲು.

ಲಾರಿಗಟ್ಟಲೆ ಬಟ್ಟೆ ಬಂತು. ಕೊಟ್ಟವರ ಮನಸ್ಸು ದೊಡ್ಡದು, ಇಲ್ಲ ಅನ್ನುವುದಿಲ್ಲ. ಆದರೆ ಗುಂಡಿ ಇಲ್ಲದ ಅಂಗಿ, ಒಂದೇ ಕಾಲಿನ ಚಪ್ಪಲಿ, ನಮ್ಮವ್ವನಿಗೆ ಜೀನ್ಸ್ ಪ್ಯಾಂಟು! ಶಾಲೆಯ ವರಾಂಡದಲ್ಲಿ ಗುಡ್ಡೆ ಬಿದ್ದು, ಮಳೆಗೆ ನೆನೆದು, ಕೊನೆಗೆ ಅದನ್ನು ಸಾಗಿಸುವ ಕೆಲಸವೂ ನಮ್ಮ ಮೇಲೆಯೇ ಬಿತ್ತು. ನಮಗೆ ಬೇಕಾಗಿದ್ದು ಟಾರ್ಪಾಲು, ಕಸಬರಿಗೆ, ಒಳಉಡುಪು, ದನಕ್ಕೆ ಮೇವು. ಒಬ್ಬ ಹುಡುಗ, ಯಾವ ಸಂಸ್ಥೆಯವನೋ ಗೊತ್ತಿಲ್ಲ, ನೋಟ್‌ಬುಕ್ ಹಿಡಿದು ಬಂದು "ಏನು ಬೇಕು" ಅಂತ ಕೇಳಿದ. ಮೇವು ಅಂದೆವು. ಮಾರನೇ ದಿನ ಮೇವು ಬಂತು. ಫೋಟೋ ತೆಗೆದನೋ ಇಲ್ಲವೋ ನೆನಪಿಲ್ಲ. ಕೇಳಿದ್ದು ನೆನಪಿದೆ.

ದೂರದೂರು

ನಾನು ನ್ಯೂಜೆರ್ಸಿಯಲ್ಲಿ ಇರುವವನು. ಒಪ್ಪಿಕೊಳ್ಳುತ್ತೇನೆ, ನಾನು ಫೋಟೋ ಕೇಳುವ ಜಾತಿ. ನಾವು ಎಂಟು ಗೆಳೆಯರು ಸೇರಿ ನಮ್ಮ ಹಳೇ ತಾಲ್ಲೂಕಿನ ಒಂದು ಸಂಸ್ಥೆಗೆ ವರ್ಷಾ ವರ್ಷಾ ಹಣ ಕಳಿಸುತ್ತೇವೆ. ಎಲ್ಲರದ್ದೂ ಸೇರಿಸಿ ಒಬ್ಬ ಗೆಳೆಯನ ಬೆಂಗಳೂರಿನ ಖಾತೆಗೆ ಹಾಕುತ್ತೇವೆ, ಅವನ ತಮ್ಮ ಸಂಸ್ಥೆಗೆ ಕೊಡುತ್ತಾನೆ. ಫೋಟೋ ಕೇಳುವುದು ಜಂಭಕ್ಕಲ್ಲ. ಒಮ್ಮೆ ಬೇರೆ ಕಡೆ ಮೋಸ ಹೋಗಿದ್ದೇವೆ. ಲೈಬ್ರರಿಗೆ ಅಂತ ಕೊಟ್ಟ ದುಡ್ಡು ಎಲ್ಲಿ ಹೋಯಿತೋ. ಫೋಟೋ ಬೇಡ ಅಂದರೆ ಹಣ ತಲುಪಿತು ಅಂತ ನಂಬುವುದು ಹೇಗೆ? ಇದಕ್ಕೆ ಉತ್ತರ ಕೊಡಿ.

ಲೆಕ್ಕದ ಪುಸ್ತಕ

ನಾನು ದಾವಣಗೆರೆಯಲ್ಲಿ ಸಣ್ಣ ಟ್ರಸ್ಟುಗಳ ಲೆಕ್ಕ ನೋಡುವವನು.

ದೂರದೂರು ಸರ್, ಫೋಟೋ ಸಾಕ್ಷಿಯೇ ಅಲ್ಲ. ಒಂದೇ ಮಗುವಿನ ಫೋಟೋ ಮೂರು ದಾನಿಗಳಿಗೆ ಹೋದದ್ದನ್ನು ನಾನು ನೋಡಿದ್ದೇನೆ. ಕಾಲೇಜಿನ ಫೀಸು ರಸೀದಿ ಕೇಳಿ, ಮಗುವಿನ ಹೆಸರಿನ ಮೇಲೆ ಕರಿ ಗೆರೆ ಎಳೆದು ಕಳಿಸಲಿ. ಆಡಿಟ್ ಆದ ಲೆಕ್ಕ ಕೇಳಿ. ಕೊಡುವುದಕ್ಕೆ ಹಿಂದೆ ಮುಂದೆ ನೋಡಿದರೆ ಅಲ್ಲೇ ನಿಮಗೆ ಉತ್ತರ ಸಿಕ್ಕಿತು.

ಈಗ ನಿಮ್ಮ ಕಡೆಯ ತೊಡಕು. ಎಂಟು ಜನರಲ್ಲಿ ಅಮೆರಿಕದ ಪೌರರು ಎಷ್ಟು ಜನ? ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅವರ ಹಣ ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇರುವ ಸಂಸ್ಥೆ, ಅದೂ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಯಲ್ಲಿ ಮಾತ್ರ ತೆಗೆದುಕೊಳ್ಳಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ತೊಂದರೆ ಇಲ್ಲ. ಎಲ್ಲ ಕಲಸಿ ಗೆಳೆಯನ ತಮ್ಮನ ಕೈಯಲ್ಲಿ ಕೊಟ್ಟರೆ ಸಿಕ್ಕಿಬೀಳುವುದು ನೀವಲ್ಲ, ಆ ಊರಿನ ಸಂಸ್ಥೆ.

ದೂರದೂರು

ಐದು ಜನ ಪೌರರು. ಆ ಸಂಸ್ಥೆಗೆ ನೋಂದಣಿ ಇದೆಯೋ ಇಲ್ಲವೋ ನಾವು ಯಾವತ್ತೂ ಕೇಳಿಲ್ಲ. ಮೋಸ ಹೋದವರು ಅಂತ ಬರೆದುಕೊಂಡೆ, ಈಗ ನಾಚಿಕೆ ಆಗುತ್ತಿದೆ. ಇವತ್ತೇ ಫೋನ್ ಮಾಡುತ್ತೇನೆ.

ಹಾಸನದ ಕಾರ್ಯದರ್ಶಿ

ಒಂದು ವಿಷಯ ಮೊದಲು ಬರೆದಿರಲಿಲ್ಲ. ಬರೆಯಲು ಅಂಜಿಕೆ ಇತ್ತು. ನಾಲ್ಕು ಲಕ್ಷ ಅಂದೆನಲ್ಲ, ಅವರು ಕೊಡುವ ಚೆಕ್ ಹತ್ತು ಲಕ್ಷದ್ದು. ರಸೀದಿ ಹತ್ತು ಲಕ್ಷಕ್ಕೆ. ಆರು ಲಕ್ಷ ನಿಧಾನವಾಗಿ ನಗದಾಗಿ ವಾಪಸ್ ಕೊಡಿ ಅಂತ. "ಎಲ್ಲರೂ ಮಾಡುತ್ತಾರೆ ಮೇಷ್ಟ್ರೇ, ನಿಮ್ಮ ಹತ್ತಿರ 80ಜಿ ಇದೆಯಲ್ಲ" ಅಂದರು. 80ಜಿ ಅಂದರೆ ದಾನಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ಮಾನ್ಯತೆ. ನಮ್ಮ ಮೂವರು ಹೂಂ ಅಂದದ್ದು ಇದಕ್ಕೂ ಸೇರಿಸಿ. ಅವರು ಕೆಟ್ಟವರಲ್ಲ. ನಲವತ್ತು ಮಕ್ಕಳ ಅರ್ಜಿ ಮುಂದೆ ಇಟ್ಟುಕೊಂಡು ಹೇಳಿದ್ದು.

ಲೆಕ್ಕದ ಪುಸ್ತಕ

ಇದನ್ನು ಮೊದಲೇ ಹೇಳಬಾರದಿತ್ತಾ ಸರ್!

ಇದರ ಒಳಗುಟ್ಟು ಹೇಳುತ್ತೇನೆ. ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದವರಿಗೆ ನಿಮ್ಮಂಥ ಟ್ರಸ್ಟಿಗೆ ಕೊಟ್ಟ ಹಣದ ಅರ್ಧದಷ್ಟನ್ನು ಆದಾಯದಲ್ಲಿ ಕಳೆಯಬಹುದು. ಒಟ್ಟು ಆದಾಯದ ಶೇ 10ರ ಮಿತಿ ಅಂತ ಒಂದು ಇದೆ, ಅದು ಬಿಡಿ. ಹತ್ತು ಲಕ್ಷದ ಅರ್ಧ ಐದು ಲಕ್ಷ. ಶೇ 30ರಂತೆ ಒಂದೂವರೆ ಲಕ್ಷ ತೆರಿಗೆ ಉಳಿಯಿತು. ಆರು ಲಕ್ಷ ನಗದು ಕೈಗೆ ಬಂತು. ಲೇಔಟ್ ವ್ಯವಹಾರದಲ್ಲಿ ನಗದಿಗೆ ಏನು ಬೆಲೆ ಅಂತ ನಾನು ಹೇಳಬೇಕಾ? ಅಂದರೆ ನಾಲ್ಕು ಲಕ್ಷದ ದಾನಿ ಜೇಬಿನಿಂದ ಹೋದದ್ದು ಎರಡೂವರೆ. ಉಳಿದ ಒಂದೂವರೆ ಸರ್ಕಾರದ್ದು, ಅಂದರೆ ನಮ್ಮ ನಿಮ್ಮದು. ಅತ್ತೆ ಸೊತ್ತನ್ನು ಅಳಿಯ ದಾನ ಮಾಡಿದ ಹಾಗೆ.

ಇನ್ನು ನಿಮ್ಮ ಪಾಡು. ಆರು ಲಕ್ಷ ಬ್ಯಾಂಕಿನಿಂದ ತೆಗೆಯಬೇಕು, ಅದಕ್ಕೆ ಖರ್ಚು ತೋರಿಸಬೇಕು. ಏನು ತೋರಿಸುತ್ತೀರಿ? ನೀವು ಮಾಡುವುದು ಫೀಸು ಕಟ್ಟುವ ಕೆಲಸ ಒಂದೇ. ಹಾಗಾಗಿ ಇಲ್ಲದ ಮಕ್ಕಳ ಹೆಸರಲ್ಲಿ, ಇಲ್ಲವೇ ಇರುವ ಮಕ್ಕಳ ಹೆಸರಲ್ಲಿ ಜಾಸ್ತಿ ಮೊತ್ತ ಹಾಕಿ ವೋಚರ್ ಬರೆಯಬೇಕು. ವೇದಿಕೆ ಮೇಲೆ ಮುಖ ಕೊಟ್ಟ ಮಗುವೇ ವೋಚರಿನಲ್ಲಿ ಸಹಿಯನ್ನೂ ಕೊಡಬೇಕು. ನಾಳೆ ಇಲಾಖೆಯವರು ವಿಚಾರಿಸಿದರೆ ಆ ಮಗುವಿನ ಮನೆ ಬಾಗಿಲಿಗೇ ಹೋಗುತ್ತಾರೆ. 2021-22ರಿಂದ ಒಬ್ಬೊಬ್ಬ ದಾನಿಯ ಹೆಸರು, ಪ್ಯಾನ್, ಮೊತ್ತ ಇಲಾಖೆಗೆ ಕಳಿಸಬೇಕು. ಹಳೇ ಕಾಲದ ಹಾಗೆ ರಸೀದಿ ಬುಕ್ಕು ಅಟ್ಟದ ಮೇಲೆ ಹಾಕಿ ಮರೆಯಲು ಆಗುವುದಿಲ್ಲ.

ಹಾಗಾದರೆ ನಗದೇ ಕೊಡುತ್ತೇನೆ ಅಂತಲೂ ಅನ್ನಬಹುದು. ಒಬ್ಬರಿಂದ ಒಂದು ದಿನಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ, ಅದೂ ತೆಗೆದುಕೊಂಡವರಿಗೆ. 80ಜಿ ರಿಯಾಯಿತಿ ನಗದಿಗೆ ಸಿಗುವುದು 2,000 ರೂಪಾಯಿವರೆಗೆ ಮಾತ್ರ.

ಕಡ್ಡಿ ಮುರಿದಂತೆ

ಇದು ಬೇರೆ ಕಥೆ. ನನ್ನ ಮೊದಲ ಮಾತು ವಾಪಸ್. ಕೊಟ್ಟವನು ಕೋಡಂಗಿ ಇಸ್ಕೊಂಡವನು ಈರಭದ್ರ ಅಂತ ಕೇಳಿದ್ದೆ, ಇಲ್ಲಿ ಕೊಟ್ಟವನೇ ಈರಭದ್ರ.

ಆದರೂ ಒಂದು ಅನುಮಾನ. ಈ ಟ್ರಸ್ಟುಗಳಲ್ಲಿ ಜೇನು ಕಿತ್ತವರು ಕೈ ನೆಕ್ಕದೆ ಇರುತ್ತಾರಾ? ಹಾಸನದ ಸರ್ ಬಗ್ಗೆ ಅಲ್ಲ, ಸುಮ್ನೆ ಕೇಳಿದೆ.

ಹಾಸನದ ಕಾರ್ಯದರ್ಶಿ

ಕೇಳಿ, ತಪ್ಪಿಲ್ಲ. ನಮ್ಮ ಕರಪತ್ರದಲ್ಲಿ ಹೆಮ್ಮೆಯಿಂದ ಹಾಕಿದ್ದೇವೆ: "ನೀವು ಕೊಟ್ಟ ಪ್ರತಿ ರೂಪಾಯಿಯೂ ಮಗುವಿಗೆ". ಪೆಟ್ರೋಲು, ಜೆರಾಕ್ಸು, ಫೋನು ಎಲ್ಲ ನಮ್ಮ ಕೈಯಿಂದ.

ಲೆಕ್ಕದ ಪುಸ್ತಕ

ಅದೂ ತಪ್ಪು ಸರ್. ನೊಂದುಕೊಳ್ಳಬೇಡಿ. ಖರ್ಚು ಇದೆ, ಲೆಕ್ಕದಲ್ಲಿ ಇಲ್ಲ ಅಂದರೆ ಲೆಕ್ಕ ಸುಳ್ಳು ಅಂತಲೇ ಅರ್ಥ. ನೀವು ಪಿಂಚಣಿ ಇರುವವರು, ಕೈಯಿಂದ ಹಾಕುತ್ತೀರಿ. ನಿಮ್ಮ ನಂತರ ಬರುವ ಹುಡುಗನಿಗೆ ಪಿಂಚಣಿ ಇರುವುದಿಲ್ಲ. ಅವನು ಬರುವುದೇ ಇಲ್ಲ, ಅಥವಾ ಬಂದು ಕಡ್ಡಿಯವರು ಹೇಳಿದ ಹಾಗೆ ಕೈ ನೆಕ್ಕುತ್ತಾನೆ. ಪೆಟ್ರೋಲಿಗೆ ವೋಚರ್ ಬರೆಯಿರಿ. ಬೇಕಾದರೆ ಅದೇ ಮೊತ್ತವನ್ನು ದೇಣಿಗೆ ಅಂತ ವಾಪಸ್ ಕೊಡಿ.

ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣದಲ್ಲೂ ಇದೇ ಗೊಂದಲ. ಆಡಳಿತ ಖರ್ಚು ಶೇ 5 ಮೀರಬಾರದು ಅಂತ ಸಂಸ್ಥೆಗಳನ್ನು ಹೆದರಿಸುತ್ತಾರೆ. ಆ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ಆಫೀಸಿನ ಖರ್ಚಿಗೆ. ಹಳ್ಳಿಯಲ್ಲಿ ಕೆಲಸ ಮಾಡುವ ಹುಡುಗಿಯ ಸಂಬಳಕ್ಕಲ್ಲ.

ಹಾಸ್ಟೆಲ್ ಅಕ್ಕ

ಅಣ್ಣಾ, ಈ ಕೊನೆಯ ಸಾಲಿಗೆ ನಿಮಗೆ ಒಂದು ಗಿರ್ಮಿಟ್ ನನ್ನ ಕಡೆಯಿಂದ. ಒಂಬತ್ತು ವರ್ಷ ನನ್ನ ಸಂಬಳವನ್ನು "ಗೌರವಧನ" ಅಂತಲೇ ಬರೆದರು. ಗೌರವ ಇತ್ತು, ಧನ ಇರಲಿಲ್ಲ.

ಬಯಲುಸೀಮೆ

ತುಮಕೂರಿನವನು. ನಮ್ಮ ಟ್ರಸ್ಟಿನಲ್ಲಿ ಇದಕ್ಕೆ ಒಂದು ದಾರಿ ಮಾಡಿಕೊಂಡಿದ್ದೇವೆ, ಅದೂ ಪೂರ್ತಿ ಚೆನ್ನಾಗಿದೆ ಅಂತಲ್ಲ. ದಾನಿಗಳಿಗೆ ಬೇರೆ ಕಾರ್ಯಕ್ರಮ, ಶಾಲು, ಹಾರ, ಮೈಸೂರು ಪೇಟ ಎಲ್ಲ. ಮಕ್ಕಳನ್ನು ಕರೆಯುವುದಿಲ್ಲ. ಫೀಸು ನೇರವಾಗಿ ಕಾಲೇಜಿಗೆ. ಓದು ಮುಗಿಸಿ ಕೆಲಸಕ್ಕೆ ಸೇರಿದವರಲ್ಲಿ ಮಾತಾಡಲು ಇಷ್ಟ ಇರುವವರು ಮಾತ್ರ ಬಂದು ಮಾತಾಡುತ್ತಾರೆ. ಶುರು ಮಾಡಿದ ವರ್ಷ ಇಬ್ಬರು ದಾನಿಗಳು ಬಿಟ್ಟು ಹೋದರು. ಹೋದವರು ವಾಪಸ್ ಬರಲಿಲ್ಲ. ಸುಳ್ಳು ಯಾಕೆ ಹೇಳಲಿ.

ಎರಡನೇ ಬೆಂಚು

ಅಂಥ ಕಡೆ ಕರೆದರೆ ನಾನು ಬರುತ್ತೇನೆ. ಆಗ ನನ್ನ ಕಥೆ ನಾನೇ ಹೇಳಬಹುದು, ಎಲ್ಲಿ ನಿಲ್ಲಿಸಬೇಕು ಅಂತಲೂ ನಾನೇ ನೋಡಿಕೊಳ್ಳಬಹುದು.

ಹಾಸನದ ಕಾರ್ಯದರ್ಶಿ

ಮೂರು ವಾರ ಆಯಿತು. ಆದದ್ದನ್ನು ಹೇಳಬೇಕಲ್ಲ.

ಕಮಿಟಿಯಲ್ಲಿ ಈ ಚರ್ಚೆಯನ್ನು ಪ್ರಿಂಟ್ ತೆಗೆದು ಓದಿದೆ. ಬ್ಯಾಗಿನ ವಿಷಯ ಬಂದಾಗ ನಮ್ಮ ಖಜಾಂಚಿ ಕನ್ನಡಕ ತೆಗೆದು ಒರೆಸಿಕೊಂಡರು. ಹತ್ತು ಲಕ್ಷದ ಚೆಕ್ ಬೇಡ ಅಂತ ಏಳೂ ಜನ ಒಪ್ಪಿದರು. ಎಷ್ಟು ಕೊಡುತ್ತೀರೋ ಅಷ್ಟಕ್ಕೇ ರಸೀದಿ, ನಿಮಗೆ ಸನ್ಮಾನ, ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಹೆಸರು, ಮಕ್ಕಳು ಬರುವುದಿಲ್ಲ, ಪಟ್ಟಿ ಇಲ್ಲ ಅಂತ ಹೇಳಲು ಅಧ್ಯಕ್ಷರೂ ನಾನೂ ಹೋದೆವು. ಅವರು ಕಾಫಿ ಕೊಟ್ಟರು. "ನೋಡೋಣ ಮೇಷ್ಟ್ರೇ" ಅಂದರು. ಹೋದ ಭಾನುವಾರ ಬಸ್ ಸ್ಟ್ಯಾಂಡಿನ ಹತ್ತಿರ ಅವರ ಫ್ಲೆಕ್ಸ್ ಬಿದ್ದಿದೆ. ಬೇರೆ ಯಾವುದೋ ಸಂಘದ ಜೊತೆ ಬ್ಯಾಗು ವಿತರಣೆ. ಸಾಲಾಗಿ ಮಕ್ಕಳು.

ನಮ್ಮಲ್ಲಿ ಇರುವ ಹಣಕ್ಕೆ 31 ಮಕ್ಕಳದ್ದು ಆಗುತ್ತದೆ. ಒಂಬತ್ತು ಅರ್ಜಿ ಉಳಿದಿವೆ. ಅವರಿಗೆ ಏನು ಹೇಳಬೇಕು ಅಂತ ಇನ್ನೂ ಗೊತ್ತಾಗಿಲ್ಲ. ನಮ್ಮ ನಿಯತ್ತಿನ ಬೆಲೆಯನ್ನು ಆ ಒಂಬತ್ತು ಜನ ಕಟ್ಟುತ್ತಿದ್ದಾರೆ ಅಂತ ರಾತ್ರಿ ಅನ್ನಿಸುತ್ತದೆ. ಕಡ್ಡಿಯವರು ಮೊದಲ ದಿನ ಕೇಳಿದ್ದು ಅದನ್ನೇ.

ಕಡ್ಡಿ ಮುರಿದಂತೆ

ಕೇಳಿದ್ದು ಹೌದು. ಉತ್ತರ ನನಗೂ ಗೊತ್ತಿಲ್ಲ.

ಎರಡನೇ ಬೆಂಚು

ಒಂಬತ್ತರಲ್ಲಿ ಒಂದು ಫೀಸು ಎಷ್ಟು? ಹೆಸರು ಬೇಡ ಸರ್, ಮೊತ್ತ ಹೇಳಿ.

ಹಾಸನದ ಕಾರ್ಯದರ್ಶಿ

ಡಿಪ್ಲೊಮಾ ಎರಡನೇ ವರ್ಷದ್ದು ಒಂದಿದೆ. 7,850.

ಎರಡನೇ ಬೆಂಚು

ಖಾತೆ ನಂಬರ್ ಮೆಸೇಜ್ ಮಾಡಿ.

ಲೆಕ್ಕದ ಪುಸ್ತಕ

ಪ್ಯಾನ್ ನಂಬರ್ ತೆಗೆದುಕೊಳ್ಳುವುದನ್ನು ಮರೆಯಬೇಡಿ ಮೇಷ್ಟ್ರೇ.